ಮಾತ್ರೆ ಶುರುವಾಗಿ ಐದು ದಿನ, ನಿಲ್ಲಿಸಿಬಿಡಲಾ?

ಖಿನ್ನತೆ, ಆತಂಕಕ್ಕೆ ಕೊಡುವ ಎಸಿಟಲೋಪ್ರಾಮ್ ಮಾತ್ರೆ ಶುರು ಮಾಡಿ ಐದು ದಿನವಾಯಿತು, ಹೊಟ್ಟೆ ತೊಳಸುತ್ತೆ, ರಾತ್ರಿ ನಿದ್ದೆ ಇಲ್ಲ, ಚಡಪಡಿಕೆ ಮೊದಲಿಗಿಂತ ಜಾಸ್ತಿ, ನಿಲ್ಲಿಸಿಬಿಡಲಾ ಎಂದು ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಇಲ್ಲಿ ಬರೆದಿದ್ದನ್ನೇ ಅವರಿಗೂ ಓದಿ ಹೇಳಿ. ನಾನು ಡಾಕ್ಟರಲ್ಲ. ಮೂರು ವರ್ಷದ ಹಿಂದೆ ಇದೇ ಮಾತ್ರೆ ಶುರು ಮಾಡಿದವಳು, ಅಷ್ಟೇ.

ಈ ಮಾತ್ರೆಯಲ್ಲಿ ತೊಂದರೆ ಮೊದಲು ಬರುತ್ತೆ, ಗುಣ ಆಮೇಲೆ. ವಾಕರಿಕೆ, ತಲೆನೋವು, ಚಡಪಡಿಕೆ ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಗ್ಗುತ್ತವೆ. ಮನಸ್ಸು ಸ್ವಲ್ಪ ಹಗುರವಾಗಲು 2ರಿಂದ 4 ವಾರ ಬೇಕು, ಪೂರ್ತಿ ಗೊತ್ತಾಗಲು 6ರಿಂದ 8 ವಾರ. ನನಗಿದು ಗೊತ್ತಿರಲಿಲ್ಲ. ಆರನೇ ದಿನ ಯಾರಿಗೂ ಹೇಳದೆ ಬಿಟ್ಟುಬಿಟ್ಟೆ. ತಿಂಗಳ ಮೇಲೆ ಮತ್ತೆ ಮೊದಲಿಂದ, 5 ಮಿಲಿಗ್ರಾಂನಿಂದ ಶುರು ಮಾಡಬೇಕಾಯಿತು. ಆ ಒಂದು ತಿಂಗಳು ಸುಮ್ನೆ ನರಳಿದೆ.

ಎರಡನೇ ಸಲ ನನ್ನನ್ನು ದಾಟಿಸಿದ್ದು ಅಡುಗೆಮನೆಯ ಕ್ಯಾಲೆಂಡರ್. ಅಮ್ಮ ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅದೇ ಚೌಕದ ಮೂಲೆಯಲ್ಲಿ ನಾನು ಮೂರೇ ವಿಷಯ ಬರೆದೆ: ಎಷ್ಟು ಗಂಟೆ ನಿದ್ದೆ, ಊಟ ಸೇರಿತಾ, ಸ್ನಾನ ಆಯಿತಾ. ಮನಸ್ಸು ಹೇಗಿದೆ ಅಂತ ಬರೆಯಲಿಲ್ಲ. ಆ ದಿನಗಳಲ್ಲಿ ಮನಸ್ಸನ್ನು ಯಾವಾಗ ಕೇಳಿದರೂ 'ಏನೂ ಪ್ರಯೋಜನವಿಲ್ಲ' ಅಂತಲೇ ಹೇಳುತ್ತೆ, ಅಲ್ವಾ? 19ನೇ ದಿನ ಊಟ ಬಡಿಸುತ್ತಾ ಅಮ್ಮನೇ ಹೇಳಿದರು, "ಇವತ್ತು ಕೇಳಿ ಇನ್ನೊಂದು ಸೌಟು ಸಾರು ಹಾಕಿಸ್ಕೊಂಡೆ ನೋಡು." ನನಗೆ ಗೊತ್ತೇ ಆಗಿರಲಿಲ್ಲ. ಅದಕ್ಕೇ ಹೇಳುವುದು, ಮನೆಯಲ್ಲಿ ಒಬ್ಬರಿಗಾದರೂ ವಿಷಯ ತಿಳಿಸಿಡಿ. ಬದಲಾವಣೆ ಅವರ ಕಣ್ಣಿಗೆ ಮೊದಲು ಬೀಳುತ್ತೆ.

ಆ ಹಾಳೆಯನ್ನೇ ಹರಿದುಕೊಂಡು ಡಾಕ್ಟರ ಹತ್ತಿರ ಹೋಗಿದ್ದೆ. ನಿದ್ದೆಯ ಅಂಕಿಗಳ ಮೇಲೆ ಬೆರಳಾಡಿಸಿ ನೋಡಿ, ರಾತ್ರಿಯ ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಾಯಿಸಿದರು. ನಿಮಗೂ ಹೀಗೇ ಹೊಂದುತ್ತೆ ಅಂತಲ್ಲ, ಆದರೆ ಕೇಳಿ ನೋಡಿ. ಹೊಟ್ಟೆ ತೊಳಸುವಾಗ ನನಗೆ ಸೇರುತ್ತಿದ್ದದ್ದು ತೆಳ್ಳಗಿನ ಗಂಜಿ, ಉಪ್ಪು ಹಾಕಿದ ನೀರು ಮಜ್ಜಿಗೆ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟೆ. ಸಂಜೆ ಬೀದಿ ತುದಿಯವರೆಗೆ ಒಂದು ಸುತ್ತು, ಅಷ್ಟೇ. ಆ ಎರಡು ವಾರ ಅದಕ್ಕಿಂತ ಜಾಸ್ತಿ ನಿಮ್ಮಿಂದ ನೀವೇ ಕೇಳಬೇಡಿ.

ಒಂದು ಹೊತ್ತು ಮರೆತರೆ ಎರಡು ಮಾತ್ರೆ ಒಟ್ಟಿಗೆ ನುಂಗಬೇಡಿ. ಮದ್ಯ ಬೇಡ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತರುವ ಮುಂಚೆ ಡಾಕ್ಟರನ್ನು ಕೇಳಿ, ಈ ಮಾತ್ರೆ ಅದು ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ತಲೆ ಮಂಪರಾಗಿದ್ದರೆ ಗಾಡಿ ಓಡಿಸಬೇಡಿ.

'ಇದು ಚಟ ಆಗಿಬಿಡುತ್ತೆ' ಅಂತ ನೆಂಟರು ಹೇಳಬಹುದು, ನನಗೂ ಹೇಳಿದ್ದರು. ಕುಡಿತದ ಹಾಗೆ ಇದು ಚಟವಾಗುವುದಿಲ್ಲ. ಆದರೆ ಕೆಲವು ವಾರ ತೆಗೆದುಕೊಂಡ ಮೇಲೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ಸಿಡಿಮಿಡಿ ಬರಬಹುದು. ಅದಕ್ಕೇ ಡಾಕ್ಟರ್ ನಿಧಾನವಾಗಿ ಇಳಿಸುತ್ತಾರೆ.

ಒಂದು ವಿಷಯಕ್ಕೆ ಮಾತ್ರ ಎರಡು ವಾರ ಕಾಯಬೇಡಿ. ಸಾಯಬೇಕು ಅನ್ನುವ ಯೋಚನೆ ಬಂದರೆ, ಚಡಪಡಿಕೆ ತಡೆಯಲಾಗದಷ್ಟು ಆದರೆ, ಅಥವಾ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು ಬಂದರೆ ಆ ಕ್ಷಣವೇ ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಮೊದಲ ವಾರಗಳಲ್ಲಿ, ಅದರಲ್ಲೂ 25 ವರ್ಷದೊಳಗಿನವರಲ್ಲಿ ಇಂಥ ಯೋಚನೆ ಹೆಚ್ಚಬಹುದು. ಡಾಕ್ಟರ್ ಸಿಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಸರ್ಕಾರದ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಯಾಗಿದ್ದರೂ ಸಂಕೋಚ ಬೇಡ.