ಆಲಂ, ಸಿಪಿಜಿ, ಸಪೋನಿನ್ ಮೂರನ್ನೂ ಒಂದೇ ಲಸಿಕೆಯಲ್ಲಿ ಯಾವ ಪ್ರಮಾಣದಲ್ಲಿ ಬೆರೆಸಬೇಕು?

ಪ್ರಮಾಣದ ಲೆಕ್ಕ ಆಮೇಲೆ. ನಾನೂ ಅದರ ಹಿಂದೆಯೇ ಬಿದ್ದು ಐದು ತಿಂಗಳು ಕಳೆದುಕೊಂಡೆ. ನನ್ನದು ಎರಡೇ ಅಡ್ಜುವೆಂಟ್ (ಲಸಿಕೆಯ ಪರಿಣಾಮ ಹೆಚ್ಚಿಸಲು ಬೆರೆಸುವ ವಸ್ತು): ಆಲಂ, ಅಂದರೆ ಅಲ್ಯುಮಿನಿಯಂ ಹೈಡ್ರಾಕ್ಸೈಡ್, ಮತ್ತು ಸಿಪಿಜಿ.

ಮೊದಲು ಆಲಂಗೆ ಲಸಿಕೆಯ ಪ್ರೋಟೀನ್ ಅಂಟಿಸಿದೆ, ಆಮೇಲೆ ಸಿಪಿಜಿ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿ ನೋಡಿದೆ. ಅದರಲ್ಲಿ ಎರಡೂ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲ ಅಂಟಿಕೊಂಡಿದೆ ಎಂದು ಖುಷಿಪಟ್ಟೆ. ಚುಚ್ಚುವ ದಿನ ಇಲಿಯ ಡೋಸಿಗೆ ತಕ್ಕಂತೆ ತೆಳುಮಾಡಬೇಕಿತ್ತು. ಕೈಗೆ ಸಿಕ್ಕಿದ್ದು ಪಿಬಿಎಸ್ ಬಾಟಲಿ, ಅಂದರೆ ಪಿಎಚ್ ಸ್ಥಿರವಾಗಿಡುವ ಉಪ್ಪಿನ ದ್ರಾವಣ (ಬಫರ್). ಸುಮ್ನೆ ಸುರಿದೆ.

ಪಿಬಿಎಸ್‌ನಲ್ಲಿರುವುದು ಫಾಸ್ಫೇಟ್. ಅಲ್ಯುಮಿನಿಯಂ ಕಂಡರೆ ಅದು ಬಿಡುವುದಿಲ್ಲ. ಆಲಂ ಮೇಲಿನ ಹೈಡ್ರಾಕ್ಸಿಲ್‌ಗಳನ್ನು ತಳ್ಳಿ ತಾನು ಕೂತುಬಿಡುತ್ತದೆ. ಸಿಪಿಜಿ ಒಂದು ಡಿಎನ್‌ಎ ತುಣುಕು. ಆಲಂ ಅನ್ನು ಅದು ಹಿಡಿಯುವುದೂ ತನ್ನ ಬೆನ್ನೆಲುಬಿನ ಫಾಸ್ಫೇಟ್ ಗುಂಪುಗಳಿಂದಲೇ. ಜಾಗ ಒಂದೇ, ಗಿರಾಕಿಗಳು ಇಬ್ಬರು. ಬಫರ್‌ನಲ್ಲಿ ಫಾಸ್ಫೇಟ್ ರಾಶಿ ಇರುವಾಗ ಗೆಲ್ಲುವುದು ಯಾರು ಹೇಳಿ? ಇನ್ನೊಂದು ಏಟು ಪ್ರೋಟೀನ್‌ಗೆ. ಪಿಎಚ್ 7ರ ಆಸುಪಾಸಿನಲ್ಲಿ ಈ ಆಲಂ ಮೇಲೆ ಧನ ಆವೇಶ ಇರುತ್ತದೆ. ಫಾಸ್ಫೇಟ್ ಕೂರುತ್ತಾ ಹೋದಂತೆ ಅದು ಋಣದ ಕಡೆ ಜಾರುತ್ತದೆ. ನನ್ನ ಪ್ರೋಟೀನ್‌ನದೂ ಋಣ ಆವೇಶ. ಕೈ ಜಾರಿತು.

ಫಲಿತಾಂಶ? ಐಜಿಜಿ1 ಎಂಬ ಪ್ರತಿಕಾಯ ಆಲಂ ಒಂದನ್ನೇ ಕೊಟ್ಟ ಇಲಿಗಳಲ್ಲಿದ್ದಷ್ಟೇ. ಸಿಪಿಜಿಯಿಂದ ಏರಬೇಕಿದ್ದ ಇನ್ನೊಂದು ಪ್ರತಿಕಾಯ, ಐಜಿಜಿ2ಎ, ಅಲ್ಲಾಡಲೇ ಇಲ್ಲ. ನಾನು ಪ್ರಮಾಣ ತಪ್ಪಿದೆ ಎಂದುಕೊಂಡೆ! ಸಿಪಿಜಿ ಜಾಸ್ತಿ ಮಾಡಿ, ಅದೇ ಪಿಬಿಎಸ್‌ನಲ್ಲಿ ಮತ್ತೆ ತೆಳುಮಾಡಿದೆ. ತೆಳುಮಾಡಿದ ನಂತರದ ತಿಳಿಯನ್ನು ಒಮ್ಮೆಯೂ ಅಳೆದಿರಲಿಲ್ಲ. ಕೊನೆಗೆ ಅಳೆದಾಗ ಸಿಪಿಜಿ ಬಹುಪಾಲು ಅಲ್ಲೇ ತೇಲುತ್ತಿತ್ತು. ಫಾಸ್ಫೇಟ್ ಇಲ್ಲದ ಹಿಸ್ಟಿಡಿನ್ ಬಫರ್‌ಗೆ ಬದಲಾಯಿಸಿದೆ, ಮೊದಲಿನ ಪ್ರಮಾಣವೇ ಸಾಕಾಯಿತು.

ಹಾಗಾಗಿ ಸಿರಿಂಜಿಗೆ ಹೋಗುವ ದ್ರಾವಣವನ್ನೇ ಅಳೆಯಿರಿ, ಹಿಂದಿನ ಹಂತದ್ದನ್ನಲ್ಲ.

ಸಪೋನಿನ್, ಅಂದರೆ ಗಿಡದಿಂದ ಸಿಗುವ ಸೋಪಿನಂಥ ವಸ್ತು, ಅದನ್ನು ಬಿಡಿ. ಮೂರು ಸೇರಿದರೆ ಮೂರುಪಟ್ಟು ಎನ್ನುವುದು ಆಸೆ ಅಷ್ಟೇ. ಕ್ಯೂಎಸ್-21 ಎಂಬ ಸಪೋನಿನ್ ಅನ್ನು ಹಾಗೇ ಹಾಕಿದರೆ ಕೆಂಪು ರಕ್ತಕಣ ಒಡೆಯುತ್ತದೆ. ಸರ್ಪಸುತ್ತಿನ ಲಸಿಕೆ ಶಿಂಗ್ರಿಕ್ಸ್‌ನ ಎಎಸ್01 ಎಂಬ ಅಡ್ಜುವೆಂಟ್ ಮಿಶ್ರಣದಲ್ಲಿ ಅದನ್ನು ಕೊಲೆಸ್ಟೆರಾಲ್ ಇರುವ ಲೈಪೋಸೋಮ್‌ಗೆ (ಕೊಬ್ಬಿನ ಪುಟ್ಟ ಗುಳ್ಳೆಗೆ) ಸೇರಿಸಿ ಪಳಗಿಸಿದ್ದಾರೆ. ಒಂದು ಡೋಸಿಗೆ 50 ಮೈಕ್ರೋಗ್ರಾಂ, ಜೊತೆಗೆ ಅಷ್ಟೇ ಎಂಪಿಎಲ್ ಎಂಬ ಇನ್ನೊಂದು ಅಡ್ಜುವೆಂಟ್. ಅಲ್ಲಿ ಆಲಂ ಇಲ್ಲವೇ ಇಲ್ಲ, ಗಮನಿಸಿದ್ದೀರಾ?

ಅಂದಹಾಗೆ, ನಿಮ್ಮ ಪ್ರೋಟೀನ್‌ನ ಐಸೋಎಲೆಕ್ಟ್ರಿಕ್ ಪಾಯಿಂಟ್ (ಅದರ ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್) ಎಷ್ಟು? ಯಾವ ಬಫರ್? ಎರಡನ್ನೂ ನೀವು ಬರೆದಿಲ್ಲ.