ನುಕು ಹಿವಾದಿಂದ ಫಕಾರಾವಾಗೆ: ಅಳಿವೆ ಹೊಗುವುದು, ಲಂಗರು ಹಾಕುವುದು

ಹನ್ನೆರಡು ಮೀಟರಿನ ಹಾಯಿದೋಣಿ, ಇಬ್ಬರು ಚಿಕ್ಕ ಮಕ್ಕಳು, ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದಲ್ಲಿ ನುಕು ಹಿವಾ ಇರುವ ಮಾರ್ಕೆಸಸ್‌ನಿಂದ ಫಕಾರಾವಾ ಇರುವ ಟುವಾಮೋಟು ದ್ವೀಪಗಳಿಗೆ ನಾಲ್ಕು ದಿನ ಹೇಗೆ ಕಳೆಯೋದು ಅಂತ ಕೇಳಿದ್ದೀರಿ. ಮಕ್ಕಳಿಗೆ ಸಾಮಾನ್ಯವಾಗಿ ಎರಡನೇ ದಿನಕ್ಕೆ ಕಡಲು ಒಗ್ಗುತ್ತದೆ. ಡೆಕ್ಕಿಗೆ ಬಂದರೆ ಸೊಂಟದ ಹಗ್ಗ ಕೊಕ್ಕೆಗೆ ಸಿಕ್ಕಿಸಿರಬೇಕು, ಅಷ್ಟೇ. ನಿಜವಾದ ಕಷ್ಟ ಇರೋದು ಕೊನೆಯ ಒಂದು ಗಂಟೆಯಲ್ಲಿ.

ದೂರ ಸುಮಾರು 540 ನಾಟಿಕಲ್ ಮೈಲಿ. ಐದೂವರೆ ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗಕ್ಕೆ 98 ಗಂಟೆ, ಆರೂವರೆಗೆ 83. ಹದಿನೈದು ಗಂಟೆಯ ಈ ವ್ಯತ್ಯಾಸ ನಿಮ್ಮನ್ನು ನಡುರಾತ್ರಿ ದ್ವೀಪದ ಬಾಗಿಲಿಗೆ ತಂದು ನಿಲ್ಲಿಸಬಹುದು. ಅದಕ್ಕೇ ಕೊನೆಯ ರಾತ್ರಿ ಹಾಯಿ ಇಳಿಸಿ ನಿಧಾನ ಮಾಡಿ, ಬೆಳಕು ಹರಿಯುವವರೆಗೆ ಹತ್ತು ಮೈಲಿಗಿಂತ ಹತ್ತಿರ ಹೋಗಬೇಡಿ. ಅಲ್ಲಿ ಗುಡ್ಡ ಇಲ್ಲ, ನಡುವೆ ಲಗೂನ್ ಎಂಬ ಒಳಗಡಲಿರುವ ತಗ್ಗಾದ ಹವಳದ ಉಂಗುರ ಅಷ್ಟೇ. ಹಗಲಲ್ಲೂ ತೆಂಗಿನ ತಲೆ ಕಾಣೋದು ಎಂಟು ಹತ್ತು ಮೈಲಿಯಿಂದ. ಆಳ ಅಳೆಯುವ ಯಂತ್ರವನ್ನೂ ನಂಬಬೇಡಿ: ಹವಳದ ಗೋಡೆ ತೀರಾ ಕಡಿದಾಗಿ ಏಳುತ್ತದೆ, ಅದು ಎಚ್ಚರಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಒಂದು ಸಣ್ಣ ಬಲೆ: ಮಾರ್ಕೆಸಸ್ ಗಡಿಯಾರ ಟುವಾಮೋಟುಗಿಂತ ಅರ್ಧ ಗಂಟೆ ಮುಂದೆ. ತಿರುಗಿಸಲು ಮರೆತರೆ ಭರತ ಇಳಿತದ ಲೆಕ್ಕವೆಲ್ಲ ಅಷ್ಟು ತಪ್ಪುತ್ತದೆ.

ಈಗ ಅಳಿವೆ. ಹವಳದ ಉಂಗುರದಲ್ಲಿ ಲಗೂನಿಗೆ ಹೋಗುವ ಕಿಂಡಿ ಅದು, ಅಲ್ಲಿ ಪಾಸ್ ಅನ್ನುತ್ತಾರೆ. ಫಕಾರಾವಾದ ಉತ್ತರದ ಗರುವಾಯೆ ಪಾಸ್ ಸುಮಾರು 1.6 ಕಿಲೋಮೀಟರ್ ಅಗಲ. ಅಗಲ ನೋಡಿ ಧೈರ್ಯ ಮಾಡಬೇಡಿ. ದಕ್ಷಿಣದ ದೊಡ್ಡ ಅಲೆಗಳು ಹವಳದ ಅಂಚು ಹಾರಿ ಲಗೂನ್ ತುಂಬಿಸಿದರೆ ಆ ನೀರಿಗೆ ಹೊರಬರಲು ಪಾಸ್ ಬಿಟ್ಟರೆ ದಾರಿ ಇಲ್ಲ. ಪಟ್ಟಿಯಲ್ಲಿ ಭರತ ಅಂತಿದ್ದರೂ ಸೆಳೆತ ಹೊರಗೇ ಇರುತ್ತದೆ. ಎದುರು ಗಾಳಿ ಸೇರಿತೋ, ನಮ್ಮ ಗಂಗೊಳ್ಳಿ ಮಲ್ಪೆಯವರಿಗೆ ಮಳೆಗಾಲದ ಅಳಿವೆಯಲ್ಲಿ ಗೊತ್ತಿರುವಂಥದೇ ಕಡಿದಾದ ಅಲೆಗಳು ಎದ್ದು ನಿಲ್ಲುತ್ತವೆ. ಹೊರಗೆ ನಿಂತು ದುರ್ಬೀನಿನಲ್ಲಿ ನೋಡಿ. ಬಿಳಿ ನೊರೆ ಇದ್ದರೆ ಕಾಯಿರಿ. ಎಂಜಿನ್ನಿಗೆ ಆರು ನಾಟ್ ಮಾತ್ರ ಸಾಧ್ಯವಿದ್ದರೆ ಮೂರು ನಾಟ್ ಮೀರಿದ ಎದುರು ಸೆಳೆತಕ್ಕೆ ನುಗ್ಗಬಾರದು. ನೀರು ನಿಂತ ಹೊತ್ತು ಇಲ್ಲವೇ ಒಳಹರಿವಿನ ಶುರು ಒಳ್ಳೆಯದು.

ಒಳಗೆ ಹೋದ ಮೇಲೆ ಗುರುತು ಹಾಕಿದ ಕಾಲುವೆ ಬಿಟ್ಟು ಅಡ್ಡಾಡುವುದಾದರೆ ಬೆಳಿಗ್ಗೆ ಹತ್ತರಿಂದ ಎರಡರವರೆಗೆ, ಬಿಸಿಲು ಬೆನ್ನಿಗಿರುವಂತೆ. ಪೋಲರೈಸ್ಡ್ ಕನ್ನಡಕ ಹಾಕಿದ ಒಬ್ಬರು ಮುಂದೆ ನಿಂತಿರಬೇಕು. ಕಂದು ಬಣ್ಣ ಕಂಡರೆ ಬಂಡೆ. ಮೋಡ ಮುಚ್ಚಿದರೆ ಕಂದೂ ನೀಲಿಯೂ ಒಂದೇ.

ಲಂಗರಿನಲ್ಲಿ ಹೆಚ್ಚಿನವರು ಎಡವುತ್ತಾರೆ. ಮರಳಿನ ನಡುವೆ ಹವಳದ ಗುಡ್ಡೆಗಳಿರುತ್ತವೆ. ಗಾಳಿ ತಿರುಗಿದಾಗ ಸರಪಳಿ ಅದಕ್ಕೆ ಸುತ್ತಿ ಗಿಡ್ಡವಾಗುತ್ತದೆ, ಅಲೆ ಎತ್ತಿದಾಗ ದೋಣಿಯ ಮೂತಿ ಜಗ್ಗಿ ಸರಪಳಿ ಹಾಯುವ ರೋಲರ್ ಬಗ್ಗುತ್ತದೆ, ಹವಳವೂ ಮುರಿಯುತ್ತದೆ. ಮದ್ದು: ಸರಪಳಿಯನ್ನು ಹವಳದಿಂದ ಮೇಲೆತ್ತಿ ಹಿಡಿಯಲು ಅದಕ್ಕೆ ಕಟ್ಟುವ, ಮುತ್ತಿನ ಸಾಕಣೆಯ ಹಳೆ ತೇಲು ಬುರುಡೆಗಳು. ದಡಗಳಿಗೆ ತೇಲಿ ಬಂದು ಬಿದ್ದಿರುತ್ತವೆ. ಹನ್ನೆರಡು ಮೀಟರ್ ಆಳದಲ್ಲಿ ಮೊದಲ 18ರಿಂದ 20 ಮೀಟರ್ ಸರಪಳಿ ತಳದಲ್ಲೇ ಇರಲಿ. ಅಲ್ಲಿಂದ ಮುಂದೆ ಪ್ರತಿ ಆರು ಮೀಟರಿಗೊಂದು ಬುರುಡೆ, ಒಟ್ಟು ಬಿಡುವುದು 50 ಮೀಟರ್. ಹತ್ತು ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 2.3 ಕಿಲೋ, ಹಾಗಾಗಿ ಆರು ಮೀಟರಿಗೆ 14 ಕಿಲೋ. 30 ಸೆಂಟಿಮೀಟರ್ ವ್ಯಾಸದ ಬುರುಡೆ ಅದಕ್ಕೆ ಸಾಕು. ಮೊದಲ ಬುರುಡೆ ಲಂಗರಿಗೆ ತೀರಾ ಹತ್ತಿರವಾದರೆ ಲಂಗರೇ ಕಿತ್ತು ಬರುತ್ತದೆ. ಇಷ್ಟಾದರೂ ಮರಾಅಮು, ಅಂದರೆ ಆಗ್ನೇಯದ ಬಿರುಗಾಳಿ, ಬರುವ ಮುನ್ಸೂಚನೆ ಇದ್ದರೆ ಹಗಲಲ್ಲೇ ಲಗೂನಿನ ಆಗ್ನೇಯ ಮೂಲೆಗೆ ಸರಿಯಿರಿ.

ಮೀನು: ಹೊರಗಡಲಿನ ಟ್ಯೂನಾ, ಮಾಹಿ-ಮಾಹಿ ಧಾರಾಳವಾಗಿ ತಿನ್ನಿ. ಹವಳದ ಮೀನಿನ ಸಿಗುವಾಟೆರಾ ವಿಷ ಬೇಯಿಸಿದರೂ ಹೋಗದು, ರುಚಿಯಲ್ಲೂ ತಿಳಿಯದು. ಆ ದ್ವೀಪದವರನ್ನೇ ಕೇಳಿ. ಪಕ್ಕದ ದ್ವೀಪದವರ ಮಾತು ಇಲ್ಲಿಗೆ ನಡೆಯದು.

ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಯುರೋಪಿನ ಷೆಂಗೆನ್ ವೀಸಾ ಇದೆ ಅಂತ ಸುಮ್ಮನಿರಬೇಡಿ, ಫ್ರೆಂಚ್ ಪಾಲಿನೇಷ್ಯಾ ಷೆಂಗೆನ್ ಒಳಗಿಲ್ಲ. ಸಾಮಾನ್ಯವಾಗಿ ಅದರ ಹೆಸರು ನಮೂದಾದ ವೀಸಾ ಹೊರಡುವ ಮೊದಲೇ ಬೇಕು.