ಸ್ಕ್ಯಾನ್ ಸರಿಯಿದೆ, ತಲೆ ಸರಿಯಿಲ್ಲ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಶಿರಸಿ ಸೀಮೆಯ 34ರ ಮಹಿಳೆ, ಸಹಕಾರಿ ಸೊಸೈಟಿಯ ಕೌಂಟರ್‌ನಲ್ಲಿ ಕೆಲಸ. ಗಂಡನ ಸ್ಕೂಟರ್ ಹಿಂದೆ ಕೂತು ಬರುವಾಗ ಹಂಪ್‌ನಲ್ಲಿ ಹಾರಿ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟು. ಹೆಲ್ಮೆಟ್ ಇರಲಿಲ್ಲ. ಒಮ್ಮೆ ವಾಂತಿ, ಬಿದ್ದ ಹೊತ್ತಿನ ನೆನಪು ಮಸುಕು. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ, ಮೂಳೆ ಬಿರುಕು ಯಾವುದೂ ಇಲ್ಲ. ಕನ್ಕಶನ್ (ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಕೆಲಕಾಲ ಏರುಪೇರಾಗುವುದು) ಎಂದು ಬರೆದು ಎರಡು ದಿನ ವಿಶ್ರಾಂತಿ ಹೇಳಿ ಕಳಿಸಿದರು.

ಮೂರನೇ ದಿನವೇ ಕೆಲಸಕ್ಕೆ ಹೋದರು. ಮಾರ್ಚ್ ಕೊನೆ, ಲೆಕ್ಕ ಮುಗಿಸುವ ಹೊತ್ತು. ವಾರದೊಳಗೆ ಕಂಪ್ಯೂಟರಿನ ಅಂಕಿಗಳು ತೇಲತೊಡಗಿದವು. ಒಂದೇ ಕಾಲಂ ಮೂರು ಸಲ ಕೂಡಿದರೆ ಮೂರು ಮೊತ್ತ. ಆಮೇಲೆ ಯಾರೋ ಹೇಳಿದರೆಂದು ಕಿಟಕಿ ಮುಚ್ಚಿ ಎಂಟು ದಿನ ಮಲಗಿದರು. ರಾತ್ರಿಯ ನಿದ್ದೆ ಕೆಟ್ಟಿತು, ಸಣ್ಣದಕ್ಕೂ ಅಳು. ನಾಲ್ಕನೇ ವಾರ ಅತ್ತೆಯ ಜೊತೆ ನಮ್ಮಲ್ಲಿಗೆ ಬಂದರು. ಅತ್ತೆಯ ಮೊದಲ ಮಾತು: "ಸ್ಕ್ಯಾನಲ್ಲಿ ಎಂತೂ ಇಲ್ಯಡ."

ಈ ಪ್ರಕರಣದ ಗಂಟು ಇದ್ದದ್ದು ಆ ಮಾತಿನಲ್ಲೇ. ಸಿಟಿ ತೋರಿಸುವುದು ರಕ್ತ, ಬಿರುಕು, ಬಾವು. ಕನ್ಕಶನ್‌ನಲ್ಲಿ ಏರುಪೇರಾಗುವುದು ಮಿದುಳಿನ ಕೋಶಗಳು ಶಕ್ತಿ ಬಳಸುವ ರೀತಿ. ಅದು ಆ ಚಿತ್ರದಲ್ಲಿ ಬೀಳುವುದಿಲ್ಲ. ಅತ್ತೆಗೆ ಹೇಳಿದ್ದು ಹೀಗೆ: ಕರೆಂಟ್ ಲೋ ವೋಲ್ಟೇಜ್ ಇದ್ದಾಗ ತಂತಿ ಎಲ್ಲೂ ತುಂಡಾಗಿರುವುದಿಲ್ಲ, ಆದರೂ ಮಿಕ್ಸಿ ತಿರುಗುವುದಿಲ್ಲ. ಅವರು ಸೊಸೆಯ ಮುಖ ನೋಡಿದರು.

ಮೊದಲ 24ರಿಂದ 48 ತಾಸು ವಿಶ್ರಾಂತಿ ಸರಿ. ಅದರ ನಂತರ ಪೂರ್ತಿ ದುಡಿಮೆಯೂ ತಪ್ಪು, ಪೂರ್ತಿ ಕತ್ತಲೆಯೂ ತಪ್ಪು. ಹಾಗಾಗಿ ಅಡುಗೆಮನೆಯ ಕ್ಯಾಲೆಂಡರನ್ನೇ ಅಳತೆಗೋಲು ಮಾಡಿದೆವು. ಪ್ರತಿ ಕೆಲಸದ ಮುಂಚೆ ತಲೆನೋವು, ತಲೆಸುತ್ತಿಗೆ ಸೊನ್ನೆಯಿಂದ ಹತ್ತರಲ್ಲಿ ಒಂದು ಅಂಕ, ಮುಗಿದ ಮೇಲೆ ಇನ್ನೊಂದು. ಮೊದಲಿಗಿಂತ ಎರಡು ಅಂಕದಷ್ಟು ಏರಿ ಒಂದು ತಾಸಿನೊಳಗೆ ಇಳಿದರೆ ಮುಂದುವರಿಸಬಹುದು. ಅದಕ್ಕಿಂತ ಏರಿದರೆ ನಿಲ್ಲಿಸಿ, ಮರುದಿನ ಆ ಕೆಲಸ ಅರ್ಧ. ಶುರು ಬೆಳಿಗ್ಗೆ ಸಮತಟ್ಟು ರಸ್ತೆಯಲ್ಲಿ 15 ನಿಮಿಷದ ನಡಿಗೆಯಿಂದ. ಹಗಲು ಮಲಗಿದರೆ ಅರ್ಧ ತಾಸು ಮಾತ್ರ, ಮಧ್ಯಾಹ್ನದ ಮೇಲೆ ಚಾ ಇಲ್ಲ.

ಸೊಸೈಟಿಗೆ ವೈದ್ಯರಿಂದ ಚೀಟಿ ಬರೆಸಿದೆವು. ಬರೀ 'ವಿಶ್ರಾಂತಿ' ಎಂದಿದ್ದರೆ ರಜೆ ಸಿಗುತ್ತದೆ, ಹಂತಹಂತದ ಮರಳುವಿಕೆ ಸಿಗುವುದಿಲ್ಲ. ಆದ್ದರಿಂದ ತಾಸು ನಮೂದಿಸಿಯೇ: ಮೊದಲ ವಾರ ದಿನಕ್ಕೆ ಎರಡು ತಾಸು, 25 ನಿಮಿಷಕ್ಕೊಮ್ಮೆ ಐದು ನಿಮಿಷ ಬಿಡುವು, ನಗದು ಮುಟ್ಟುವಂತಿಲ್ಲ.

ಅಂಗಡಿಯಿಂದ ತಂದ ನೋವಿನ ಗುಳಿಗೆ ದಿನಕ್ಕೆರಡು ನಡೆದಿತ್ತು. ತಿಂಗಳಿಗೆ 15 ದಿನ ಅಥವಾ ಹೆಚ್ಚು, ತಿಂಗಳುಗಟ್ಟಲೆ ನುಂಗಿದರೆ ಗುಳಿಗೆಯಿಂದಲೇ ತಲೆನೋವು ಬರಬಹುದು. ನುಂಗಿದ್ದನ್ನೆಲ್ಲ ಬರೆದು ವೈದ್ಯರಿಗೆ ತೋರಿಸಲು ಹೇಳಿದೆವು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆವು, ಇಲ್ಲ ಎಂದರು. ರಾತ್ರಿ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಇನ್ನು, ಹೆಚ್ಚುತ್ತಲೇ ಹೋಗುವ ತಲೆನೋವು, ಪದೇ ಪದೇ ವಾಂತಿ, ಫಿಟ್ಸ್, ಮಾತು ತೊದಲುವುದು, ಕೈಕಾಲು ಸೋಲುವುದು, ಎಬ್ಬಿಸಿದರೂ ಏಳದ ಮಂಪರು: ಇವುಗಳಲ್ಲಿ ಒಂದು ಕಂಡರೂ ಕಾಯದೆ 108. ನರಶಸ್ತ್ರಚಿಕಿತ್ಸೆಗೆ ಘಟ್ಟದ ಮೇಲಿನವರು ಬಹಳ ಸಲ ಹುಬ್ಬಳ್ಳಿಯವರೆಗೆ ಹೋಗಬೇಕಾಗುವುದರಿಂದ ಇಲ್ಲಿ ತಾಸಿನ ಬೆಲೆ ದೊಡ್ಡದು.

ಎರಡನೇ ಭೇಟಿಗೆ ಅತ್ತೆಯೇ ಕ್ಯಾಲೆಂಡರ್ ಮಡಚಿ ತಂದಿದ್ದರು. ಹಲಸಿನ ಹಪ್ಪಳ ಒಣಗಿಸಿದ ದಿನದ ಚೌಕದಲ್ಲಿ 3, ಪಕ್ಕದಲ್ಲಿ 7. ಅಂಗಳದ ಬಿಸಿಲು, ಬಗ್ಗಿ ಏಳುವುದು, ನಾಲ್ಕು ಜನರ ಮಾತು, ಮೂರೂ ಒಟ್ಟಿಗೆ. ಮರುವಾರದಿಂದ ಅಂಗಳ ಅತ್ತೆಗೆ, ಒಳಗೆ ಕೂತು ಹಪ್ಪಳ ಒತ್ತುವುದು ಸೊಸೆಗೆ.

ಎಂಟನೇ ವಾರ ಅಂಕ ಒಂದು, ಎರಡರಲ್ಲಿ ನಿಂತಿದೆ, ಕೆಲಸ ಐದು ತಾಸಿಗೆ ಬಂದಿದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಮಾತ್ರ ಬಸ್ಸಿನಲ್ಲಿ ತಲೆ ಈಗಲೂ ತಿರುಗುತ್ತದೆ. ಅದು ಒಳಕಿವಿ, ಕಣ್ಣು, ಕುತ್ತಿಗೆಗಳ ಹೊಂದಾಣಿಕೆಯ ತೊಂದರೆ ಇರಬಹುದೆಂದು ಫಿಸಿಯೊಥೆರಪಿಗೆ ಕಳಿಸಿದ್ದೇವೆ.